ಯಾರನ್ನಾದರೂ ಗೆಲ್ಲಿಸು

ಇಷ್ಟಕ್ಕೆಲ್ಲ ಕಾರಣ ಡ್ರಿಲ್ ಮೇಷ್ಟ್ರ ಸೊಂಟ. ಶನಿವಾರ ಬೆಳಗ್ಗೆ ಬಚ್ಚಲಲ್ಲಿ ಕೈ ಜಾರಿದ ಸೋಪನ್ನು ಎತ್ತಿಕೊಳ್ಳಲು ಬಗ್ಗಿದ ಮೇಷ್ಟ್ರು ಬಗ್ಗಿದಂತೆಯೇ ಉಳಿದುಬಿಟ್ಟರು. ‘ನೆಟ್ಟಗೆ ನಿಲ್ಲು’ ಎಂದು ಮಕ್ಕಳ ಮೇಲೆ ಜೀವಮಾನವಿಡೀ ಕೂಗಾಡಿದ ಮನುಷ್ಯ ತಾನೇ ನೆಟ್ಟಗೆ ನಿಲ್ಲಲಾರದೆ ಹೋದದ್ದು ಅವರ ಹಣೆಬರಹ ಎನ್ನೋಣ. ಆದರೆ ಅದರ ಪೆಟ್ಟು ಬಿದ್ದದ್ದು ಅವರ ಸೊಂಟಕ್ಕೂ ತನಗೂ ಯಾವ ಸಂಬಂಧವೂ ಇಲ್ಲದೆ, ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು ತನ್ನ ಪಾಡಿಗೆ ತಾನಿದ್ದ ಒಬ್ಬ ಬಡಪಾಯಿಯ ಮೇಲೆ.

ಈ ಕನ್ನಡಕದವನು ಕೆಟ್ಟವನಲ್ಲ, ಸೋಮಾರಿಯಲ್ಲ, ದಡ್ಡನೂ ಅಲ್ಲ. ಅವನಿಗಿದ್ದದ್ದು ಒಂದೇ ರೋಗ. ಯಾವ ವಿಷಯದಲ್ಲೂ ಇದು ಹೌದು, ಅದು ಅಲ್ಲ ಎಂದು ಹೇಳಿ ಅವನಿಗೆ ಗೊತ್ತಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಆ ಓಣಿಯಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಅವನ ಮನೆಯೂ ಅಂಗಡಿಯಿದ್ದ ಕಟ್ಟಡದಲ್ಲೇ ಇತ್ತು. ಅಲ್ಲಿ ಮೇಲಿನ ಮಹಡಿಯಲ್ಲಿದ್ದ ನಿವೃತ್ತ ಬಸ್ ಕಂಡಕ್ಟರು ಹಿಂಡದೆ ಹರವಿದ ಬಟ್ಟೆಯ ನೀರು ಕೆಳಗಿನ ಟೈಲರಮ್ಮನ ಹೊಸ ರವಿಕೆಗಳ ಮೇಲೆ ಸುರಿದಾಗ, ಟೈಲರಮ್ಮನಿಗೆ ನೀವು ಹೇಳೋದು ಸರಿ ಎಂದವನು, ಮೇಲೆ ಹೋಗಿ ಕಂಡಕ್ಟರಿಗೂ ಅದನ್ನೇ ಹೇಳಿ ಬಂದಿದ್ದ. ಅವನ ಕಸುಬೂ ಹಾಗೇ ಇತ್ತು. ಗಿರಾಕಿಯ ಕಣ್ಣಿನ ಮುಂದೆ ಒಂದು ಗಾಜು ಇಡುವುದು, ತೆಗೆದು ಇನ್ನೊಂದು ಇಡುವುದು, ‘ಇದು ಚೆನ್ನಾಗಿ ಕಾಣುತ್ತಾ, ಇದಾ?’ ಎಂದು ಕೇಳುವುದು. ತೀರ್ಮಾನ ಗಿರಾಕಿಯದು, ಇವನದು ಬರೀ ಪ್ರಶ್ನೆ.

ಮನೆಯಲ್ಲಿ ಮಾತ್ರ ಆ ಪ್ರಶ್ನೆಯನ್ನು ಇವನಿಗೇ ಕೇಳಲು ಶುರುಮಾಡಿದ್ದರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಸಾಕಿದವಳು ಅವನ ಅಕ್ಕ. ಅಕ್ಕ ಬಟ್ಟೆ ಅಂಗಡಿಯೊಂದರಲ್ಲಿ ನಿಂತು ನಿಂತು ಮಂಡಿ ಸವೆಸಿಕೊಂಡಿದ್ದಳು. ಮಗಳು ಓದುತ್ತಿದ್ದ ಶಾಲೆ ಹತ್ತನೇ ತರಗತಿಗೆ ಮುಗಿಯುತ್ತಿತ್ತು, ಅವಳು ಆ ಪರೀಕ್ಷೆಯನ್ನೂ ಬರೆದಾಗಿತ್ತು. ಅದಾದ ಮೇಲೆ ಹುಡುಗಿ ತನ್ನ ಅಂಗಡಿಯ ಬಿಲ್ ಕೌಂಟರಿಗೆ ಬರಲಿ, ಯಜಮಾನರು ಒಪ್ಪಿದ್ದಾರೆ ಎಂದು ಅಕ್ಕ ಹೇಳಿದಳು. ನಾನು ಓದಬೇಕು ಎಂದು ಮಗಳು ಹೇಳಿದಳು. ಕನ್ನಡಕದವನು ಅಕ್ಕನಿಗೆ ನೀನು ಹೇಳೋದು ಸರಿ ಎಂದ, ಮಗಳಿಗೆ ನೀನು ಹೇಳೋದೂ ಸರಿ ಎಂದ, ಆಮೇಲೆ ಅಂಗಡಿಗೆ ಹೋಗಿ ಒರೆಸಿದ ಗಾಜುಗಳನ್ನೇ ಮತ್ತೆ ಒರೆಸುತ್ತ ಕೂತ.

ಕೊನೆಗೆ ದಾರಿ ತೋರಿಸಿದ್ದು ಚರ್ಚಾಕೂಟ. ನಗರದ ನಡುವಿನ ಓಣಿ, ಕೇರಿಗಳ ಶಾಲೆಗಳಿಗೆಂದೇ ಯಾರೋ ಪುಣ್ಯಾತ್ಮರು ಶುರು ಮಾಡಿದ್ದು ಅದು. ಮಕ್ಕಳಿಗೆ ವಾರವಾರ ತರಬೇತಿ, ವರ್ಷಕ್ಕೊಂದು ದೊಡ್ಡ ಸ್ಪರ್ಧೆ. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆಯೇ ಗೊತ್ತಾಗುವುದು. ಬಂದ ಪಕ್ಷವನ್ನು ಹುಟ್ಟಿದಾಗಿನಿಂದ ನಂಬಿಕೊಂಡು ಬಂದವರಂತೆ ವಾದಿಸಬೇಕು. ಫೈನಲಿಗೆ ಬಂದ ಎರಡೂ ತಂಡದ ಮಕ್ಕಳಿಗೆ ಗುಡ್ಡದ ಮೇಲಿನ ದೊಡ್ಡ ಶಾಲೆಯಲ್ಲಿ ಬಿಟ್ಟಿ ಓದು. ಮಗಳು ಆ ತಂಡದಲ್ಲಿದ್ದಳು, ಓಣಿಯವರು ಅವಳನ್ನು ವಕೀಲಮ್ಮ ಎನ್ನುತ್ತಿದ್ದರು. ಅವಳು ಮಾತಾಡುವುದನ್ನು ಅಪ್ಪ ಮಾತ್ರ ಒಮ್ಮೆಯೂ ಕೇಳಿರಲಿಲ್ಲ, ಶನಿವಾರ ಗಿರಾಕಿಗಳು ಜಾಸ್ತಿ. ಫೈನಲಿಗೆ ಬಂದರೆ ನಾನು ಬಾಯಿ ಬಿಡುವುದಿಲ್ಲ, ಬರದಿದ್ದರೆ ಸೋಮವಾರವೇ ಕೌಂಟರು ಎಂದು ಅಕ್ಕ ಷರತ್ತು ಹಾಕಿದಳು. ಮಗಳು ಒಪ್ಪಿದಳು. ಯಾರ ಪರವೂ ನಿಲ್ಲದೆ ಗಂಡಾಂತರ ಕಳೆಯಿತು, ಹಾವೂ ಸಾಯಲಿಲ್ಲ ಕೋಲೂ ಮುರಿಯಲಿಲ್ಲ ಎಂದುಕೊಂಡು ಕನ್ನಡಕದವನು ಅಂದು ಹೊಟ್ಟೆ ತುಂಬ ಉಂಡ.

ಆ ಸ್ಪರ್ಧೆಯ ದಿನವೇ ಡ್ರಿಲ್ ಮೇಷ್ಟ್ರ ಸೊಂಟ ಹಿಡಿದುಕೊಂಡದ್ದು. ಬೆಳಗ್ಗೆ ಅಂಗಡಿಯ ಬಾಗಿಲು ಅರ್ಧ ಎತ್ತುವಷ್ಟರಲ್ಲಿ ವಿಜ್ಞಾನದ ಟೀಚರು ಏದುಸಿರು ಬಿಡುತ್ತ ಬಂದರು. ಪ್ರತಿ ಶಾಲೆಯೂ ತನ್ನ ತಂಡದ ಜೊತೆಗೆ ಒಬ್ಬ ತೀರ್ಪುಗಾರರನ್ನು ಕರೆತರಬೇಕು, ಅವರು ಬೇರೆ ಶಾಲೆಗಳ ಚರ್ಚೆಗೆ ತೀರ್ಪು ಕೊಡುತ್ತಾರೆ, ತೀರ್ಪುಗಾರರಿಲ್ಲದ ಶಾಲೆಗೆ ಪ್ರವೇಶವೇ ಇಲ್ಲ, ತಂಡ ನೋಡಿಕೊಳ್ಳುವವರು ತೀರ್ಪು ಕೊಡುವಂತಿಲ್ಲ, ಬರಬೇಕಿದ್ದ ಡ್ರಿಲ್ ಮೇಷ್ಟ್ರು ಸೊಂಟ ಹಿಡಿದುಕೊಂಡು ಮಲಗಿದ್ದಾರೆ, ಅವರ ಬದಲು ನೀವು ಬನ್ನಿ ಎಂದು ಟೀಚರು ವಿವರಿಸಿದರು. ಕನ್ನಡಕದವನ ಕೈಯಲ್ಲಿದ್ದ ಬೀಗ ಕೆಳಗೆ ಬಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಕಂಡಕ್ಟರು, ಬಾಗಿಲಲ್ಲಿ ಟೈಲರಮ್ಮ ಹಾಜರಾಗಿದ್ದರು. ಮೇಲಿನವರನ್ನೇ ಕರೆದುಕೊಂಡು ಹೋಗಿ ಎಂದು ಇವನು ಬೆರಳು ತೋರಿಸಿದ. ಟೀಚರ ಮುಖ ಸಪ್ಪಗಾಯಿತು. ಹೋದ ವರ್ಷ ಕಂಡಕ್ಟರನ್ನೇ ಕರೆದೊಯ್ದಿದ್ದರು. ಎರಡೂ ತಂಡಗಳು ಮಾತಾಡಿದ್ದಕ್ಕಿಂತ ಹೆಚ್ಚು ಹೊತ್ತು ತೀರ್ಪುಗಾರರೇ ಮಾತಾಡಿ, ಕೊನೆಗೆ ಕೊಠಡಿಗೆ ಬೀಗ ಹಾಕಬೇಕು ಎಂದು ಜವಾನ ಬಂದು ಎಬ್ಬಿಸಿದ ಮೇಲೆ, ಅವರನ್ನು ಮತ್ತೆ ಸೇರಿಸಬಾರದು ಎಂದು ಕೂಟದವರು ತೀರ್ಮಾನಿಸಿದ್ದರು.

“ಯಾರು ಚೆನ್ನಾಗಿ ಮಾತಾಡಿದರೋ ಅವರು ಗೆದ್ದರು ಅಂದುಬಿಟ್ಟರೆ ಆಯಿತು. ನೀವು ಬರದೆ ಇದ್ದರೆ ಮಕ್ಕಳು ಗೇಟಿನಿಂದಲೇ ವಾಪಸ್ ಬರಬೇಕು” ಎಂದರು ಟೀಚರು.

ಅವರ ಹಿಂದೆ ಮಗಳು ನಿಂತಿದ್ದಳು. ಒಗೆದು ಇಸ್ತ್ರಿ ಮಾಡಿದ ಯೂನಿಫಾರ್ಮು, ಬಿಗಿಯಾಗಿ ಹೆಣೆದ ಜಡೆ. ಕನ್ನಡಕದವನು ಎತ್ತಿದ ಬಾಗಿಲನ್ನು ಮತ್ತೆ ಎಳೆದು ಬೀಗ ಹಾಕಿದ.

ಸ್ಪರ್ಧೆ ನಡೆಯುತ್ತಿದ್ದದ್ದು ಒಂದು ಹಳೆಯ ಕಾಲೇಜಿನಲ್ಲಿ. ಉದ್ದನೆಯ ಕಾರಿಡಾರು, ಎರಡೂ ಕಡೆ ಕೊಠಡಿಗಳು, ಪ್ರತಿ ಕೊಠಡಿಯಲ್ಲೂ ಯಾರೋ ಯಾರನ್ನೋ ಖಂಡಿಸುತ್ತಿದ್ದ ಸದ್ದು. ಮೇಲ್ವಿಚಾರಕಿ ಕೊರಳಿಗೆ ಸೀಟಿ ಕಟ್ಟಿಕೊಂಡು ಓಡಾಡುತ್ತಿದ್ದಳು. ಅವಳು ಇವನನ್ನು ಮೊದಲನೇ ಕೊಠಡಿಗೆ ತಳ್ಳಿದಳು. ಮನೆಪಾಠ ಬೇಕೇ ಬೇಡವೇ ಎಂಬುದು ವಿಷಯ. ಬೇಕು ಎಂದ ಹುಡುಗ ಮಾತಾಡಿದಾಗ ಇವನ ತಲೆ ತಾನಾಗಿಯೇ ಹೌದು ಹೌದು ಎಂದು ಆಡಿತು. ಬೇಡ ಎಂದ ಹುಡುಗಿ ಎದ್ದಾಗ ಇನ್ನೂ ಜೋರಾಗಿ ಆಡಿತು. ತೀರ್ಪು ಕೇಳಿದಾಗ ಎದ್ದು ನಿಂತು, ಎರಡೂ ತಂಡದವರು ಗೆದ್ದಿದ್ದಾರೆ, ಎಲ್ಲರ ತಂದೆತಾಯಿಯೂ ಪುಣ್ಯವಂತರು ಎಂದು ಘೋಷಿಸಿ ತಾನೇ ಚಪ್ಪಾಳೆ ತಟ್ಟಿದ. ಅವನ ಜೊತೆ ಬೇರೆ ಯಾರೂ ತಟ್ಟಲಿಲ್ಲ.

ಎರಡೂ ಶಾಲೆಯ ಮೇಷ್ಟ್ರುಗಳು ಒಟ್ಟಿಗೆ ಮೈಮೇಲೆ ಬಿದ್ದರು. ಅವನ ಜೀವನದಲ್ಲಿ ಎರಡು ಕಡೆಯವರೂ ಒಂದಾಗಿ ಅವನ ಮೇಲೆ ಬಿದ್ದದ್ದು ಅದೇ ಮೊದಲು. ಸೀಟಿ ಮೇಡಂ ಬಂದು ನಿಯಮ ಹೇಳಿದಳು. ಸಮ ಎಂಬುದು ಇಲ್ಲಿ ಇಲ್ಲ. ತೀರ್ಪು ಕೊಡಲಾರದ ತೀರ್ಪುಗಾರನನ್ನು ಕರೆತಂದ ಶಾಲೆಗೆ ದಂಡ ಬೀಳುತ್ತದೆ, ತಂಡದ ಲೆಕ್ಕದಿಂದ ಅರ್ಧ ಅಂಕ ಕಳೆಯುತ್ತಾರೆ. ಯಾರ ತಂಡದಿಂದ ಎಂದು ಇವನು ಕೇಳಿದ. ನಿಮ್ಮ ಶಾಲೆಯ ತಂಡದಿಂದಲೇ ಎಂದಳು.

ಎರಡನೇ ಕೊಠಡಿಯಲ್ಲಿ ಹೇಗಾದರೂ ತೀರ್ಮಾನ ಮಾಡಲೇಬೇಕೆಂದು ಹಲ್ಲು ಕಚ್ಚಿ ಕೂತ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಎರಡೂ ತಂಡ ಮುಗಿಸಿದ ಮೇಲೆ, ಮೊದಲನೆಯವರು ಇನ್ನೊಂದು ಸಲ ಸ್ವಲ್ಪ ಹೇಳಿ ಎಂದ. ಹೇಳಿದರು. ಈಗ ಎರಡನೆಯವರು ಎಂದ. ಅವರೂ ಹೇಳಿದರು. ಮತ್ತೆ ಮೊದಲನೆಯವರು ಎಂದ. ಮಕ್ಕಳ ಗಂಟಲು ಒಣಗಿತು. ಕೊನೆಗೆ ಅಭ್ಯಾಸಬಲದಿಂದ, ನಿಮಗೇ ಯಾವುದು ಚೆನ್ನಾಗಿ ಕಾಣುತ್ತೆ ಎಂದು ಅವರನ್ನೇ ಕೇಳಿದ. ಪಕ್ಷಕ್ಕೆ ಇಬ್ಬರಂತೆ ಇದ್ದ ನಾಲ್ವರು ಮಕ್ಕಳೂ ತಮ್ಮ ತಮ್ಮ ಎದೆ ಮುಟ್ಟಿ ತೋರಿಸಿದರು. ಅಷ್ಟರಲ್ಲಿ ಸೀಟಿ ಕೂಗಿತು, ಇನ್ನೂ ಅರ್ಧ ಅಂಕ ಹೋಯಿತು.

ಸುದ್ದಿ ಇವನಿಗಿಂತ ಮೊದಲೇ ಕಾರಿಡಾರು ದಾಟಿತ್ತು. ಟೀಚರು ದೂರದಿಂದಲೇ ಹಣೆ ಚಚ್ಚಿಕೊಂಡರು. ಮಗಳು ಓಡಿಬಂದಳು. ಅವಳ ತಂಡ ಆವರೆಗೆ ಎರಡೂ ಚರ್ಚೆ ಗೆದ್ದಿತ್ತು. ಗೆದ್ದು ಸಂಪಾದಿಸಿದ್ದನ್ನು ಅಪ್ಪ ಪಕ್ಕದ ಕೊಠಡಿಯಲ್ಲಿ ಕೂತು ಕರಗಿಸುತ್ತಿದ್ದ.

“ಅಪ್ಪ, ನಿಂಗೆ ಕೈ ಮುಗಿತೀನಿ. ಯಾರನ್ನಾದರೂ ಗೆಲ್ಲಿಸು. ಯಾರಾದರೂ ಪರವಾಗಿಲ್ಲ, ಒಬ್ಬರನ್ನು ಗೆಲ್ಲಿಸು.”

ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ಕನ್ನಡಕದವನ ಎದೆಯಲ್ಲಿ ಎಂದೂ ಇಲ್ಲದ ಏನೋ ಒಂದು ಎದ್ದು ಕೂತಿತು. ಮೂರನೇ ಕೊಠಡಿಗೆ ಅವನು ಯುದ್ಧಕ್ಕೆ ಹೋಗುವವನಂತೆ ಹೋದ.

ಅಲ್ಲಿ ಹಳೆಯ ಓಣಿಗಳನ್ನು ಕೆಡವಿ ಹೊಸ ಕಟ್ಟಡ ಕಟ್ಟಬೇಕೇ ಎಂಬುದು ವಿಷಯವಾಗಿತ್ತು. ವಿರೋಧದ ಪಕ್ಷದಲ್ಲಿ ಒಬ್ಬಳು ಸಣಕಲು ಹುಡುಗಿ. ಅವಳ ಕನ್ನಡಕದ ಕಡ್ಡಿ ಮುರಿದು ದಾರ ಸುತ್ತಿದ್ದರು, ಗಾಜೂ ಒಂದು ಕಡೆ ಜಾರಿತ್ತು. ಎದ್ದು ಹೋಗಿ ಸರಿಮಾಡಿ ಬರೋಣ ಎಂದು ಇವನ ಕೈ ತುರಿಸಿತು. ಕನ್ನಡಕ ನೋಡಿ ಕನಿಕರದಿಂದ ತೀರ್ಪು ಕೊಟ್ಟೇನು ಎಂದು ಹೆದರಿ ಕಣ್ಣು ಮುಚ್ಚಿಕೊಂಡ. ಕಣ್ಣು ಮುಚ್ಚಿದ್ದಕ್ಕೋ ಏನೋ ಮಾತು ಮೊದಲ ಸಲ ನೆಟ್ಟಗೆ ಕಿವಿಗೆ ಬಿತ್ತು. ಪರ ವಹಿಸಿದವರ ಮಾತು ಚೆಂದವಾಗಿತ್ತು, ಆದರೆ ಹೇಳಿದ್ದನ್ನೇ ಹೇಳುತ್ತಿದ್ದರು. ಸಣಕಲು ಹುಡುಗಿ ಒಂದೊಂದೇ ಎಳೆ ಹಿಡಿದು ಬಿಡಿಸುತ್ತಿದ್ದಳು. ಅವಳು ಮುಗಿಸಿದಾಗ ಕನ್ನಡಕದವನಿಗೆ ಯಾವ ಅನುಮಾನವೂ ಉಳಿದಿರಲಿಲ್ಲ. ಗೆದ್ದವರು ವಿರೋಧದವರು ಎಂದು ಎದ್ದು ನಿಂತು ಹೇಳಿದ, ದನಿ ಒಂದಿಷ್ಟೂ ನಡುಗಲಿಲ್ಲ. ಅಂಕ ಎಷ್ಟು ಎಂದರು. ಕೊಡಲು ಸಾಧ್ಯವಿದ್ದಷ್ಟನ್ನೂ ಕೊಟ್ಟ. ಎದುರು ಶಾಲೆಯ ಮೇಷ್ಟ್ರು ಕಾರಣ ಕೇಳಿದರೆ ಕಾರಣವನ್ನೂ ಹೇಳಿದ. ಹೊರಗೆ ಬಂದಾಗ ಎದೆ ಎರಡಿಂಚು ಮುಂದೆ ಬಂದಿತ್ತು. ನಲ್ಲಿಯಲ್ಲಿ ನೀರು ಕುಡಿದ, ಅದೂ ರುಚಿಯಾಗಿತ್ತು.

ಮಧ್ಯಾಹ್ನ ಎಲ್ಲರನ್ನೂ ಸಭಾಂಗಣದಲ್ಲಿ ಕೂರಿಸಿ ಫೈನಲಿನ ತಂಡಗಳನ್ನು ಸಾರಿದರು. ಮೊದಲನೆಯದು ಯಾವುದೋ ರೈಲ್ವೆ ಗೇಟಿನ ಬಳಿಯ ಶಾಲೆ. ಎರಡನೆಯದಕ್ಕೆ ಇವರದೂ ಸೇರಿ ಎರಡು ಶಾಲೆಗಳು ಸಮನಾಗಿ ಗೆದ್ದಿದ್ದವು, ಹಾಗಾಗಿ ಒಟ್ಟು ಅಂಕ ನೋಡಬೇಕಾಯಿತು ಎಂದಳು ಸೀಟಿ ಮೇಡಂ. ಅರ್ಧ ಅಂಕ ಹೆಚ್ಚಿಗೆ ಪಡೆದ ಶಾಲೆಯ ಹೆಸರು ಕೂಗಿದಳು. ಅದು ಇವರದಾಗಿರಲಿಲ್ಲ. ಹಿಂದಿನ ಸಾಲಿನಲ್ಲಿ ಸಣಕಲು ಹುಡುಗಿ ಕಿರುಚಿ ಎದ್ದಳು.

ಅಷ್ಟಕ್ಕೇ ಮುಗಿದಿದ್ದರೆ ದೇವರ ಮೇಲೆ ಹಾಕಿ ಸುಮ್ಮನಿರಬಹುದಿತ್ತು. ಹುಡುಗಿ ಕುರ್ಚಿಗಳನ್ನು ದಾಟಿಕೊಂಡು ಓಡಿಬಂದು ಕನ್ನಡಕದವನ ಎರಡೂ ಕೈ ಹಿಡಿದುಕೊಂಡಳು. “ಅಂಕಲ್, ನೀವು ಕೊಟ್ಟ ಅಂಕದಿಂದಲೇ ನಾವು ಬಂದ್ವಿ. ಬೇರೆ ಯಾರೂ ಅಷ್ಟು ಕೊಡಲಿಲ್ಲ” ಎಂದಳು. ಪಕ್ಕದಲ್ಲೇ ಮಗಳು ಕೂತಿದ್ದಳು. ಅವಳು ಆ ಹುಡುಗಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು, ಆಮೇಲೆ ತನ್ನ ಚೀಲದ ಜಿಪ್ಪನ್ನು ನಿಧಾನವಾಗಿ ಎಳೆದು ಹಾಕಿದಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ತೀರ್ಪು ಕೊಡದಿದ್ದಾಗ ಹೋದ ಅಂಕ, ತೀರ್ಪು ಕೊಟ್ಟಾಗ ಹೋದ ಅಂಕ, ಎರಡೂ ಸೇರಿ ಮಗಳ ಓದನ್ನು ನುಂಗಿದ್ದವು. ಯಾವುದನ್ನು ಮಾಡಿದ್ದರೆ ಸರಿಹೋಗುತ್ತಿತ್ತು ಎಂದು ಬಸ್ಸಿನಲ್ಲಿ ಎಷ್ಟು ಯೋಚಿಸಿದರೂ ಕನ್ನಡಕದವನಿಗೆ ಹೊಳೆಯಲಿಲ್ಲ. ಟೀಚರು ಮಾತ್ರ ಇಳಿಯುವಾಗ, ಎರಡು ಬಸ್ಸು ಬದಲಾಯಿಸಿ ಹೋಗುವುದಾದರೆ ಊರಾಚೆ ಒಂದು ಸರ್ಕಾರಿ ಕಾಲೇಜಿದೆ, ಫೀಸು ಹೆಚ್ಚಿಲ್ಲ, ಯೋಚನೆ ಮಾಡಿ ಎಂದರು.

ಮನೆ ತಲುಪಿದಾಗ ಸಂಜೆ. ಅಕ್ಕ ಚಪ್ಪಲಿ ಮೆಟ್ಟಿಕೊಂಡೇ ಕಾಯುತ್ತಿದ್ದಳು. ಫಲಿತಾಂಶ ತಿಳಿಯಲು ಕಂಡಕ್ಟರು ಮೇಲಿನಿಂದ ಇಳಿದಿದ್ದರು, ಟೈಲರಮ್ಮ ಕೊರಳಲ್ಲಿ ಅಳತೆ ಟೇಪಿನ ಸಮೇತ ಬಂದಿದ್ದಳು, ಅವರ ಹಿಂದೆ ಮೆಟ್ಟಿಲ ತುಂಬ ಬಾಕಿ ಮನೆಗಳವರು. ವಿಷಯ ತಿಳಿದು ಅಕ್ಕ ಒಂದು ನಿಟ್ಟುಸಿರು ಬಿಟ್ಟಳು. ಅವಳಿಗೆ ಸಂತೋಷವೇನೂ ಆಗಲಿಲ್ಲ, ಪಾಪ. ಯಜಮಾನರು ಈಗಲೇ ಮಾತು ಕೊಡಿ ಎನ್ನುತ್ತಿದ್ದಾರೆ, ಇನ್ನೊಬ್ಬ ಹುಡುಗಿ ಕಾಯುತ್ತಿದ್ದಾಳೆ, ಹೋಗಿ ಹೇಳಿ ಬರಲೇ ಎಂದಳು.

“ಬೇಡ ಅಕ್ಕ. ಅವಳು ಓದಲಿ” ಎಂದ ಕನ್ನಡಕದವನು.

ಮೆಟ್ಟಿಲ ಮೇಲಿನ ಗುಸುಗುಸು ನಿಂತಿತು. ಟೈಲರಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಇವನು ಒಂದು ಕಡೆ ನಿಂತದ್ದನ್ನು ಆ ಕಟ್ಟಡದಲ್ಲಿ ಯಾರೂ ಕಂಡಿರಲಿಲ್ಲ. ಮೊದಲು ಚೇತರಿಸಿಕೊಂಡವರು ಕಂಡಕ್ಟರು. ವರ್ಷದಿಂದ ಒಳಗೇ ಕುದಿಯುತ್ತಿದ್ದ ಆಸೆಗೆ ಅವಕಾಶ ಸಿಕ್ಕಿತ್ತು. ಮನೆಯ ವಿಷಯವಾದರೂ ಕ್ರಮವಾಗಿ ನಡೆಯಲಿ, ಪರ ಒಬ್ಬರು ವಿರೋಧ ಒಬ್ಬರು ಮಾತಾಡಲಿ, ನಾವೆಲ್ಲ ಕೈ ಎತ್ತಿ ತೀರ್ಪು ಹೇಳೋಣ, ಅದಕ್ಕೆ ಇಬ್ಬರೂ ಬದ್ಧರಾಗಿರಬೇಕು ಎಂದು ಕುರ್ಚಿ ಎಳೆದುಕೊಂಡು ಕೂತರು. ಕನ್ನಡಕದವನು ಬಂದ ಧೈರ್ಯದಲ್ಲಿ ಒಪ್ಪಿದ. ಅಕ್ಕ ಮಾತ್ರ, ನನಗೆ ನಿಮ್ಮ ಹಾಗೆ ನಿಂತು ಮಾತಾಡೋಕೆ ಬರಲ್ಲ ಎಂದಳು.

“ಅತ್ತೆ ಪಕ್ಷ ನಾನು ತಗೋತೀನಿ” ಎಂದಳು ಮಗಳು.

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಕನ್ನಡಕದವನು ಮೊದಲು ಮಾತಾಡಿದ. ಓದಿದರೆ ಒಳ್ಳೆಯದು, ಓದಬೇಕು, ಅವಳಿಗೆ ಓದೋಕೆ ಇಷ್ಟ, ಅವಳಮ್ಮ ಇದ್ದಿದ್ದರೂ ಓದಿಸುತ್ತಿದ್ದಳು, ಊರಾಚೆ ಕಾಲೇಜಿದೆ, ಎರಡು ಬಸ್ಸು ಅಷ್ಟೆ. ಇಷ್ಟು ಹೇಳುವಷ್ಟರಲ್ಲಿ ಬೆವರು ಕಿತ್ತುಬಂತು. ಆಮೇಲೆ ಮಗಳು ಎದ್ದಳು. ಜಡೆಯನ್ನು ಹಿಂದಕ್ಕೆ ಎಸೆದು, ಸಭೆಗೆ ನಮಸ್ಕರಿಸಿ, ಎದುರು ಪಕ್ಷದವರು ಹೇಳಿದ್ದನ್ನು ಗೌರವದಿಂದ ಕೇಳಿದ್ದೇನೆ ಎಂದು ಶುರುಮಾಡಿದಳು. ಅತ್ತೆಯ ಮಂಡಿಯ ಬಗ್ಗೆ ಹೇಳಿದಳು, ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಓದಿದ ಮೇಲೂ ಕೆಲಸ ಹುಡುಕುತ್ತ ಅಲೆಯುವವರ ಬಗ್ಗೆ ಹೇಳಿದಳು, ಕಂಡಕ್ಟರು ತಮ್ಮ ಮಗನನ್ನು ನೆನೆದು ತಲೆ ತಗ್ಗಿಸಿದರು.

“ಕಾಲೇಜು ಎಂಬುದು ಈ ವರ್ಷ ಸೇರದಿದ್ದರೆ ಮುಗಿದುಹೋಗುವ ವಸ್ತು. ಅಂಗಡಿ ಹಾಗಲ್ಲ. ಅಂಗಡಿ ಇವತ್ತೂ ಇರುತ್ತದೆ, ಎರಡು ವರ್ಷ ಬಿಟ್ಟು ಹೋದರೂ ಇರುತ್ತದೆ, ಅಲ್ಲಿ ಏನಾದರೊಂದು ಕೆಲಸವೂ ಇದ್ದೇ ಇರುತ್ತದೆ ಎಂದು ಅತ್ತೆಯೇ ಹೇಳುತ್ತಾರೆ. ಅಷ್ಟು ಗಟ್ಟಿಯಾದದ್ದನ್ನು ಯಾರು ಬೇಡ ಅಂತಾರೆ?”

ಅಷ್ಟು ಹೇಳಿ ಅವಳು ತುಸು ನಿಂತಳು. ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ಅದೇ ಮಾತನ್ನು ಇನ್ನೊಂದು ಸಲ, ನಿಧಾನವಾಗಿ, ಮಂದಬುದ್ಧಿಯವರಿಗೆ ಹೇಳುವಂತೆ ಹೇಳಿ ಕೂತಳು.

ಕನ್ನಡಕದವನು ಮೈಮರೆತು ಕೇಳುತ್ತಿದ್ದ. ಇದು ನನ್ನ ಮಗಳೇ? ಈ ದನಿ, ಈ ನಿಲುವು, ಮಾತನ್ನು ಎತ್ತಿ ಇಡುವ ಈ ನಾಜೂಕು ಇವಳಿಗೆ ಎಲ್ಲಿಂದ ಬಂತು? ಇಷ್ಟು ದಿನ ಗಾಜು ಒರೆಸುತ್ತ ಏನನ್ನು ಕಳೆದುಕೊಂಡೆ? ಎದುರು ಪಕ್ಷದವರು ಉತ್ತರ ಹೇಳಬಹುದು ಎಂದು ಕಂಡಕ್ಟರು ಗಡಿಯಾರ ನೋಡುತ್ತ ಎರಡು ಸಲ ಕರೆದ ಮೇಲೆ ಎಚ್ಚರವಾಗಿ ಎದ್ದ.

“ಏನು ಹೇಳಲಿ? ಎಷ್ಟು ಚೆನ್ನಾಗಿ ಮಾತಾಡಿದಳು ನೋಡಿ” ಎಂದ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಹಾಗೆಯೇ ಕೂತುಬಿಟ್ಟ.

ಕೈಗಳೆಲ್ಲ ಅಕ್ಕನ ಕಡೆಗೇ ಎದ್ದವು. ಲೆಕ್ಕ ಹಾಕುವ ಅಗತ್ಯವೇ ಬೀಳಲಿಲ್ಲ. ಸೇರಿದ್ದವರ ಮನಸ್ಸು ಬದಲಾಗುವ ಮೊದಲೇ ಅಕ್ಕ ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು ಬಟ್ಟೆ ಅಂಗಡಿಗೆ ಹೋದಳು. ಕಂಡಕ್ಟರು ತೀರ್ಪಿನ ಭಾಷಣ ಆರಂಭಿಸಿದ್ದರಿಂದ ಉಳಿದವರೂ ಬೇಗನೇ ಮನೆ ಸೇರಿದರು.

ಮಗಳು ಅಡಿಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ಕನ್ನಡಕದವನು ಬಾಗಿಲಲ್ಲಿ ನಿಂತು, ಎಷ್ಟು ಚೆನ್ನಾಗಿ ಮಾತಾಡಿದೆ ಎಂದು ಮತ್ತೆ ಹೇಳಿದ. ಅವಳು ತಿರುಗಲಿಲ್ಲ.

“ಅತ್ತೆ ಪಕ್ಷ ಬೇರೆ ಯಾರು ತಗೊಂಡಿದ್ರೂ ಗೆಲ್ಲೋಕೆ ನೋಡ್ತಿದ್ರು ಅಪ್ಪ. ಅದಕ್ಕೇ ನಾನು ತಗೊಂಡೆ, ಸೋಲೋಕೆ. ಅಂಗಡಿ ಎರಡು ವರ್ಷ ಆದಮೇಲೂ ಇರುತ್ತೆ ಅಂತ ಎರಡು ಸಲ ಹೇಳಿದೆ. ಹಾಗಾದ್ರೆ ಎರಡು ವರ್ಷ ಓದಿ ಆಮೇಲೆ ಹೋಗಲಿ ಅಂತ ನೀನು ಒಂದು ಮಾತು ಅಂದಿದ್ರೆ ಆಗ್ತಿತ್ತು. ಒಂದನೇ ಕ್ಲಾಸಿನ ಹುಡುಗನೂ ಹೇಳ್ತಿದ್ದ.”

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಕನ್ನಡಕದವನು ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಗೆ ಓಡಿದ. ಅಕ್ಕ ಆಗಲೇ ಅಂಗಡಿಯಿಂದ ವಾಪಸ್ ಬರುತ್ತ ಅರ್ಧ ಮೆಟ್ಟಿಲು ಹತ್ತಿ, ನೋವಿಗೆ ಅಲ್ಲೇ ಕೂತಿದ್ದಳು. ಮಡಿಲಲ್ಲಿ ಅಂಗಡಿಯವರು ಕೆಲಸದ ಹುಡುಗಿಯರಿಗೆ ಕೊಡುವ ನೀಲಿ ಕೋಟು. ಇವನು ಏದುಸಿರು ಬಿಡುತ್ತ ಆ ಮಾತನ್ನು ಅವಳಿಗೆ ಪೂರ್ತಿ ಒಪ್ಪಿಸಿದ. ತಡವರಿಸಲಿಲ್ಲ, ಬೆವರಲಿಲ್ಲ, ಒಂದು ಪದವೂ ಹೆಚ್ಚು ಕಡಿಮೆಯಾಗಲಿಲ್ಲ.

ಅಕ್ಕ ಮಡಿಲಲ್ಲಿದ್ದ ಕೋಟಿನ ಮಡಿಕೆ ಸರಿಮಾಡಿದಳು.

“ನಿಜ ಕಣೋ. ಇದನ್ನ ಆಗಲೇ ಹೇಳಿದ್ದಿದ್ರೆ ನಾನೇ ನಿನ್ನ ಕಡೆ ಕೈ ಎತ್ತುತ್ತಿದ್ದೆ. ಈಗ ಮಾತು ಕೊಟ್ಟು ಬಂದೆ. ನನ್ನ ಮಾತಿನ ಮೇಲೆ ಆ ಇನ್ನೊಂದು ಹುಡುಗೀನ ವಾಪಸ್ ಕಳಿಸಿದ್ರು. ಇನ್ನು ಇಲ್ಲ ಅಂದ್ರೆ ನನ್ನನ್ನೂ ಕಳಿಸ್ತಾರೆ” ಎಂದಳು. ಕೋಟನ್ನು ಅವನ ಕೈಗೆ ಕೊಟ್ಟು, ಅಳತೆ ಸರಿಯಾಗುತ್ತಾ ನೋಡು, ಇಲ್ಲದಿದ್ದರೆ ಬದಲಾಯಿಸಿ ಕೊಡ್ತಾರಂತೆ ಎಂದಳು.

ಕನ್ನಡಕದವನು ಕೋಟು ಹಿಡಿದುಕೊಂಡು ಮೇಲೆ ಹೋದ. ಮಗಳು ಕೈ ಒರೆಸಿಕೊಂಡು ಬಂದು ಅದನ್ನು ತೊಟ್ಟು, ಗುಂಡಿ ಹಾಕಿಕೊಂಡು, ಅಪ್ಪನ ಎದುರು ನಿಂತಳು. ಅಳತೆ ತೆಗೆದು ಹೊಲಿದಂತೆ ಸರಿಯಾಗಿತ್ತು.